ಪಾದುವಾದ ಕಲ್ಲಳತೆ, ಸರೋಜಳ ಕೊಸರು

ವೆನಿಸ್‌ನಿಂದ ಪಾದುವಾಕ್ಕೆ ರೈಲಿನಲ್ಲಿ ಅರ್ಧ ಗಂಟೆ, ತಲೆಗೆ ಸುಮಾರು ಐದು ಯೂರೋ. ಅಕ್ಟೋಬರ್‌ನ ಎಳೆ ಬಿಸಿಲಿತ್ತು. ನನ್ನ ಹೆಂಡತಿ ಸರೋಜ ಹನುಮಂತನಗರದಿಂದ ತಂದಿದ್ದ ಚಕ್ಕುಲಿಯ ಪುಡಿ ಮುಗಿಸುವಷ್ಟರಲ್ಲಿ ಊರು ಬಂದೇಬಿಟ್ಟಿತು. ಇಲ್ಲಿಗೆ ಬರಬೇಕೆಂದು ಹಟ ಹಿಡಿದವನು ನಾನು. ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರಾಗಿ ನಿವೃತ್ತನಾದವನು, ಅಳತೆಗಳನ್ನು ಗೋಡೆಯಲ್ಲೇ ಕೆತ್ತಿದ ಅರಮನೆಯನ್ನು ನೋಡದೆ ಇರಲಾದೀತೇ?

ಅರಮನೆ ಎಂದರೂ ಅದು ರಾಜನದಲ್ಲ. ಹದಿಮೂರನೆಯ ಶತಮಾನದಲ್ಲಿ ಊರಿನವರೇ ತಮಗಾಗಿ ಕಟ್ಟಿಸಿಕೊಂಡದ್ದು. ಕೆಳಗೆ ಸಂತೆ, ಮೇಲೆ ನ್ಯಾಯಾಲಯ. ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟೆ. ಎಂಬತ್ತು ಮೀಟರ್ ಉದ್ದದ ಹಜಾರ, ನಡುವೆ ಒಂದೂ ಕಂಬವಿಲ್ಲ. ಮೇಲೆ ದೋಣಿ ಮಗುಚಿಟ್ಟಂತೆ ಮರದ ಚಾವಣಿ. ಗೋಡೆಯ ತುಂಬ ರಾಶಿಗಳು, ತಿಂಗಳುಗಳು, ದುಡಿಯುವ ಜನ. ಓದು ಬಾರದವರಿಗೂ ತಿಳಿಯಲೆಂದು ಒಂದೊಂದು ನ್ಯಾಯಪೀಠಕ್ಕೆ ಒಂದೊಂದು ಪ್ರಾಣಿಯ ಗುರುತು. ಒಮ್ಮೆ ಬೆಂಕಿ ಬಿದ್ದು ಸುಟ್ಟಿತಂತೆ. ಮುನ್ನೂರು ಚಿಲ್ಲರೆ ವರ್ಷಗಳ ಮೇಲೆ ಬಿರುಗಾಳಿ ಚಾವಣಿಯನ್ನೇ ಹಾರಿಸಿತಂತೆ. ಎರಡು ಸಲವೂ ಊರು ಮತ್ತೆ ಕಟ್ಟಿತು. ನನ್ನ ಕಣ್ಣು ತುಂಬಿತು, ಮುಚ್ಚಿಡುವುದೇನು. ಬಾಯಿ ಮುಚ್ಚಿಕೊಳ್ಳಿ, ನೊಣ ಹೋದೀತು ಎಂದು ಸರೋಜ ಛೇಡಿಸಿದಳು.

ಕೆಳಗೆ ಕಮಾನಿನಡಿ ಅಳತೆಗಳು ಸಿಕ್ಕಿದವು. ಬಿಳಿ ಕಲ್ಲಿನಲ್ಲಿ ಇಟ್ಟಿಗೆಯದು, ಬಟ್ಟೆಯದು, ಧಾನ್ಯದ್ದು. ಅನುಮಾನ ಬಂದ ಗಿರಾಕಿ ಕೊಂಡದ್ದನ್ನು ಇಲ್ಲಿಗೇ ತಂದು ಹಿಡಿದು ನೋಡಬಹುದಿತ್ತು. ನಾನು ಶೂ ಕಳಚಿ ಕೈಮುಗಿದೆ. ತಿರುಗಿದರೆ ಸರೋಜ ಇಲ್ಲ.

ಅವಳು ಪಕ್ಕದ ತರಕಾರಿ ಸಾಲಿನಲ್ಲಿ, ರೂಮಿನಲ್ಲಿ ಸಾರು ಮಾಡಲು ಟೊಮೆಟೊ ತೂಗಿಸುತ್ತಿದ್ದಳು. ತೂಗಿದ ಮುದುಕಿ ಕೊತ್ತಂಬರಿಯಂಥದೇ ಒಂದು ಹಿಡಿ ಸೊಪ್ಪನ್ನು ನಗುತ್ತ ಮೇಲೆ ಹಾಕಿದಳು. ಅಭ್ಯಾಸಬಲ, ಹಿಂದಿರುಗಿಸಲು ನನ್ನ ಕೈ ಮುಂದೆ ಹೋಯಿತು. ಹಿಂದೊಮ್ಮೆ ಜಯನಗರ ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನಲ್ಲಿ, ಇನ್‌ಸ್ಪೆಕ್ಟರ ಹೆಂಡತಿ ಪುಕ್ಕಟೆ ತೆಗೆದುಕೊಳ್ಳಬಾರದೆಂದು, ಸೊಪ್ಪಿನಾಕೆ ತೂಕದ ಮೇಲೆ ಕೊಸರೆಂದು ಸರೋಜಳ ಚೀಲಕ್ಕೆ ಹಾಕಿದ್ದ ಸೊಪ್ಪನ್ನು ಎಲ್ಲರೆದುರು ತೆಗೆಸಿದ್ದೆ. ಅಂದಿನಿಂದ ಅಲ್ಲಿ ಯಾರೂ ಅವಳಿಗೆ ಕೊಸರು ಹಾಕಲಿಲ್ಲ. ಅದನ್ನು ನಾನು ಮರ್ಯಾದೆ ಎಂದುಕೊಂಡಿದ್ದೆ.

ಸರೋಜ ಚೀಲವನ್ನು ಎದೆಗೆ ಒತ್ತಿಕೊಂಡಳು.

"ಇಲ್ಲಿ ನೀವು ಇನ್‌ಸ್ಪೆಕ್ಟರ್ ಅಲ್ಲ ಕಣ್ರೀ. ನನ್ ಚೀಲಕ್ಕೆ ಯಾರಾದ್ರೂ ಪ್ರೀತಿಯಿಂದ ಒಂದೆಲೆ ಹಾಕಿ ಇಪ್ಪತ್ತಾರು ವರ್ಷ ಆಯ್ತು."

ಅವಳು ವರ್ಷ ಎಣಿಸಿಕೊಂಡೇ ಬಂದಿದ್ದಳು ಎಂಬುದು ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಅಷ್ಟೊಂದು ಅಳತೆ ಕೆತ್ತಿದ ಗೋಡೆಯ ಮಗ್ಗುಲಲ್ಲೇ ಆ ಮುದುಕಿ ತೂಗದೆ ಕೊಟ್ಟಿದ್ದಳು. ವಾಪಸು ರೈಲಿನಲ್ಲಿ ಆ ಚೀಲವನ್ನು ನಾನೇ ತೊಡೆಯ ಮೇಲಿಟ್ಟುಕೊಂಡೆ.

ಊರಿಗೆ ಬಂದ ಮೊದಲ ಭಾನುವಾರ ಸರೋಜಳ ಜೊತೆ ನಾಲ್ಕನೇ ಬ್ಲಾಕಿಗೆ ಹೋದೆ. ಅದೇ ಸೊಪ್ಪಿನಾಕೆ, ಈಗ ತಲೆ ಬೆಳ್ಳಗಾಗಿದೆ. ನನ್ನನ್ನು ಕಂಡೊಡನೆ ತಕ್ಕಡಿ ನೆಟ್ಟಗೆ ಮಾಡಿಕೊಂಡಳು. ಹುರುಳಿಕಾಯಿ ತೂಗಿಸಿದ ಮೇಲೆ, ಕೊಸರಿಗೆ ಒಂದು ಹಿಡಿ ಕೊತ್ತಂಬರಿ ಹಾಕಮ್ಮ ಎಂದೆ. ಅವಳು ಸೊಪ್ಪು ಹಿಡಿದುಕೊಂಡು ನನ್ನ ಮುಖವನ್ನೇ ನೋಡಿದಳು.

"ತೂಕ ಹಾಕ್ಬೇಕಾ ಸಾರ್?"

ಬೇಡ ಎಂದೆ. ಸರೋಜ ಚೀಲದ ಬಾಯಿಯನ್ನು ಅಗಲ ಮಾಡಿ ಹಿಡಿದಳು.