ಚೆಲುವಮ್ಮ ಕೇಳುವ ನಾಚಿಕೆಯ ಪ್ರಶ್ನೆ

ಹೊನ್ನೂರಿನಲ್ಲಿ ಬೆಳಕು ಹರಿಯುವ ಹೊತ್ತು. ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ಕೂಡ ತೆಗೆಯದೆ ಚೆಲುವಮ್ಮ ಕೂಗುತ್ತಾರೆ: "ಯಜಮಾನ್ರೇ, ಒಟ್ಟೆ ಎಂಗೈತೆ? ಎಷ್ಟ್ ಸಲ ಕಕ್ಕಸ್ಗೆ ಓದ್ರಿ?" ಎದುರುಮನೆಯವರು ಕಿಸಕ್ಕನೆ ನಗುತ್ತಾರೆ. ಯಜಮಾನರ ಹೆಂಡತಿ ಶಿವರತ್ನಮ್ಮ ಹೊರಬಂದು, "ಅವ್ರು ತ್ವಾಟಕ್ಕೋಗವ್ರೆ, ನೀನು ಕಾಫಿ ಕುಡಿ ಬಾ," ಎನ್ನುತ್ತಾರೆ.

ಅಗರದ ಚೆಲುವಮ್ಮ ಮೈಸೂರಿನ ಕ್ಯಾನ್ಸರ್ ಆಸ್ಪತ್ರೆಯೊಂದರ ಕಾರ್ಯಕರ್ತೆ. ಯಳಂದೂರು, ಕೊಳ್ಳೇಗಾಲ, ಹನೂರು ಕಡೆಯ ರೋಗಿಗಳನ್ನು ಮನೆಗೇ ಹೋಗಿ ವಿಚಾರಿಸುವುದು ಇವರ ಕೆಲಸ. ಶುರುವಿನಲ್ಲಿ 'ಕ್ಯಾನ್ಸರ್ನೋಳು ಬಂದ್ಲು' ಎಂದು ಬಾಗಿಲು ಹಾಕಿಕೊಂಡವರೂ ಉಂಟು. "ಈಗ ದಿನಕ್ಕೆ ಏಳೆಂಟು ಮನೆ, ಏಳೆಂಟು ಕಾಫಿ ಸಾ. ಬ್ಯಾಡ ಅಂದ್ರೆ ಬಯ್ತಾರೆ!" ಎಂದು ಚೆಲುವಮ್ಮ ಜೊತೆಗೆ ಬಂದ ನನಗೆ ಹೇಳುತ್ತಾರೆ.

ಶಿವರತ್ನಮ್ಮನವರ ಪತಿ ಶಿವರುದ್ರಸ್ವಾಮಿಯವರಿಗೆ ಶ್ವಾಸಕೋಶದ ಕ್ಯಾನ್ಸರ್. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಎರಡು ಔಷಧಗಳನ್ನು ಅವರಿಗೆ ಒಟ್ಟಿಗೆ ಕೊಡುತ್ತಿದ್ದರು. "ಎತ್ತಿನ ಬಾಯಿಗೆ ಕುಕ್ಕೆ ಕಟ್ಟಿರ್ತೀವಲ್ಲ, ಅದನ್ನ ಬಿಚ್ದಂಗೆ ಸಾ. ಕಳೆ ಮೇಯ್ತದೆ. ಒಂದೊಂದ್ಸಲ ಬೆಳೆಗೂ ಬಾಯಾಕ್ತದೆ. ಎರಡೂ ಔಸ್ದಿ ಕೊಟ್ರೆ ಆ ಬಯ ಜಾಸ್ತಿ," ಎಂದು ಚೆಲುವಮ್ಮ ಬಿಡಿಸಿ ಹೇಳುತ್ತಾರೆ. ಹಾಗೆ ಬೆಳೆಗೆ, ಅಂದರೆ ದೇಹದ ಒಳ್ಳೆಯ ಅಂಗಗಳಿಗೇ, ಬಾಯಿ ಹಾಕಿದ್ದಕ್ಕೆ ಭೇದಿಯೂ ಒಂದು ಗುರುತು. ಬೇಗ ಹೇಳಿದರೆ ವಾಸಿಮಾಡಬಹುದು; ಮುಚ್ಚಿಟ್ಟರೆ ಜೀವಕ್ಕೇ ಕುತ್ತು.

ಜನ ಮುಚ್ಚಿಡುವುದೂ ಅದನ್ನೇ! ಕಳೆದ ಬೇಸಿಗೆಯಲ್ಲಿ ಗಡ್ಡೆ ಕುಗ್ಗಿದೆಯೆಂದು ಡಾಕ್ಟರು ಹೇಳಿದ ಬೆನ್ನಲ್ಲೇ ಸ್ವಾಮಿಯವರಿಗೆ ಭೇದಿ ಹತ್ತಿಕೊಂಡಿತು. ಗಂಡ ಹೆಂಡತಿ ಇಬ್ಬರೂ ಬಾಯಿ ಬಿಡಲಿಲ್ಲ. ಚೆಲುವಮ್ಮ ಎಂದಿನಂತೆ ಕಾಫಿಗೆಂದು ಒಳಗೆ ಹೋದರೆ, ಒಲೆಯ ಮೇಲೆ ಭೇದಿ ಕಟ್ಟಲು ಕೊಡುವ ದಾಳಿಂಬೆ ಸಿಪ್ಪೆ ಕುದಿಯುತ್ತಿತ್ತು.

"ಯಾರ್ಗವ್ವಾ ಕಸಾಯ?"

"ನಂಗೇ ಕಣವ್ವಾ," ಎಂದರು ಶಿವರತ್ನಮ್ಮ.

"ಅಂಗಾರೆ ಕುಡೀರಿ, ನೋಡ್ತೀನಿ."

ಶಿವರತ್ನಮ್ಮ ಒಂದು ಗುಟುಕು ಕುಡಿದವರೇ ಅತ್ತುಬಿಟ್ಟರು. "ರಾತ್ರಿಯೆಲ್ಲಾ ಓಗ್ತಾನೇ ಅವ್ರೆ. ಡಾಕ್ಟ್ರಿಗೆ ಏಳುದ್ರೆ ಔಸ್ದಿ ನಿಲ್ಲಿಸ್ಬುಟ್ಟಾರು ಅಂತ ಎದ್ರಿಕೆ ಕಣವ್ವಾ."

ಚೆಲುವಮ್ಮ ಆಸ್ಪತ್ರೆಗೆ ಫೋನ್ ಮಾಡಿ, ಆಟೋ ಕರೆಸಿ, ತಾವೂ ಹತ್ತಿದರು. ಸ್ಟೀರಾಯ್ಡ್ ಕೊಟ್ಟ ಮೇಲೆ ಕರುಳು ತಣ್ಣಗಾಯಿತು. ಈಗ ಎರಡರಲ್ಲಿ ಒಂದೇ ಔಷಧ ಮುಂದುವರಿದಿದೆ, ಗಡ್ಡೆ ಮತ್ತೆ ಬೆಳೆದಿಲ್ಲ. ನಾನು ಹೊಗಳಲು ಹೋದರೆ ಚೆಲುವಮ್ಮ ಗದರುತ್ತಾರೆ: "ಉಳಿಸಿದ್ದು ಡಾಕ್ಟ್ರು. ನಾನು ಕಾಫಿ ಕುಡಿಯಕ್ಕೋಗಿದ್ದೆ ಅಷ್ಟೆ."

ಮತ್ತೇನು ಆಸೆ? "ನಾನು ಕೇಳಕ್ ಮುಂಚೆ ಅವ್ರೇ ಏಳ್ಬೇಕು ಸಾ, ನಾಚ್ಕೆ ಬುಟ್ಟು. ಅಷ್ಟಾದ್ರೆ ಸಾಕು."

ನನ್ನನ್ನು ಹಿಂದೆ ಕೂರಿಸಿಕೊಂಡ ಸ್ಕೂಟರ್ ತೆಂಗಿನ ತೋಟದ ತಿರುವಿಗೆ ಬರುತ್ತದೆ. ಬೇಲಿಯಾಚೆಯಿಂದ ಶಿವರುದ್ರಸ್ವಾಮಿಯವರ ದನಿ, ರಸ್ತೆಗೆಲ್ಲ ಕೇಳುವಂತೆ: "ಚೆಲುವವ್ವಾ! ಇವತ್ತು ಒಂದೇ ಸಲ ಕಣವ್ವಾ, ಒಟ್ಟೆ ಸರಿಯಾಗೈತೆ!"

ಚೆಲುವಮ್ಮ ಬ್ರೇಕ್ ಹಾಕಿ ನನ್ನತ್ತ ತಿರುಗುತ್ತಾರೆ, ಮುಖ ಅರಳಿದೆ.

"ಕೇಳುಸ್ತಾ ಸಾ? ನಾನಿನ್ನೂ ಕೇಳೇ ಇಲ್ಲ!"