ಹರವಿಯ ತಳದ ನೀರು

ಖಾಲಿ ಹರವಿ ಕಂಡರೆ ನನಗೆ ಇವತ್ತಿಗೂ ಜೀವ ಹೊಯ್ದಾಡುತ್ತದೆ, ಮಕ್ಕಳೇ. ಕುಡಿಯುವ ನೀರಿನ ಈ ಮಣ್ಣಿನ ಹರವಿಯಲ್ಲಿ ಒಂದು ತಂಬಿಗೆಯಷ್ಟಾದರೂ ನೀರು ಉಳಿದಿರಬೇಕು, ಹೊಸ ನೀರನ್ನು ಅದರ ಮೇಲೆಯೇ ಸುರಿಯಬೇಕು. ಹರವಿಯ ತಳ ಕಂಡ ಮನೆಗೆ ಏಳಿಗೆಯಿಲ್ಲ ಎಂದು ನನ್ನ ಅತ್ತೆ ಹೇಳುತ್ತಿದ್ದರು. ಅತ್ತೆ ಹೋದರು, ನಿಮ್ಮ ಅಜ್ಜನೂ ಹೋದರು, ನಾನು ಇರಕಲ್ಲಗಡ ಬಿಟ್ಟು ಕೊಪ್ಪಳಕ್ಕೆ ಮಗನ ಮನೆಗೆ ಬಂದೆ. ಆ ಮಾತು ಮಾತ್ರ ಹರವಿಯ ಸಂಗಡವೇ ಗಾಡಿ ಹತ್ತಿ ಬಂತು.

ಈ ಬೇಸಿಗೆಯಲ್ಲಿ ಎಲ್ಲೋ ಪೈಪು ಒಡೆದು ನಮ್ಮ ಓಣಿಯ ನಳದ ನೀರಿಗೆ ಗಟಾರದ ನೀರು ಸೇರಿತು. ಆಟೋಗೆ ಮೈಕು ಕಟ್ಟಿಕೊಂಡು ಬಂದವರು, ಮುಂದೆ ತಿಳಿಸುವವರೆಗೂ ನೀರನ್ನು ಕುದಿಸಿ ಆರಿಸಿ ಕುಡಿಯಿರಿ ಎಂದು ಸಾರಿ ಹೋದರು. ನಿಮ್ಮೆಲ್ಲರಿಗಿಂತ ಚಿಕ್ಕವಳಾದ ಪುಟ್ಟಿ ಆಗಷ್ಟೇ ವಾಂತಿ-ಭೇದಿಯಿಂದ ಎದ್ದಿದ್ದಳು. ತೋಳು ಹಿಡಿದರೆ ನುಗ್ಗೆಕಾಯಿ ಹಿಡಿದಂತಿತ್ತು. ಮತ್ತೊಮ್ಮೆ ಹೊಟ್ಟೆ ಕೆಟ್ಟರೆ ಮಗು ತಾಳಲಾರದು ಎಂದು ಡಾಕ್ಟರು ಎಚ್ಚರಿಸಿದ್ದರು. ಹಾಗಾಗಿ ನೀರಿನ ಉಸ್ತುವಾರಿ ನಾನೇ ಹೊತ್ತೆ.

ಕುದಿಸುವುದರಲ್ಲಿ ನನಗೆ ಯಾರೂ ಹೆಸರಿಡುವಂತಿರಲಿಲ್ಲ. ಕೊತಕೊತ ಕುದ್ದ ಮೇಲೂ ಸ್ವಲ್ಪ ಹೊತ್ತು ಇಳಿಸದೆ, ಆಮೇಲೆ ಮುಚ್ಚಿಟ್ಟು ಆರಿಸುತ್ತಿದ್ದೆ. ಹಲ್ಲುಜ್ಜಲಿಕ್ಕೂ ಸೌತೆಕಾಯಿ ತೊಳೆಯಲಿಕ್ಕೂ ಅದೇ ನೀರು. ನಮ್ಮೂರ ಸಾಲೆಯಲ್ಲಿ ಮಾಸ್ತರರು ನೀರಿನಲ್ಲಿ ಕಣ್ಣಿಗೆ ಕಾಣದ ಹುಳುಗಳಿರುತ್ತವೆ ಎಂದಾಗ ನಾವು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದೆವು. ಅದೇ ಊರಬಾವಿಯಲ್ಲಿ ಕಣ್ಣಿಗೆ ಕಾಣದ ದೆವ್ವವಿದೆ ಎಂದರೆ ಒಬ್ಬರೂ ನಗುತ್ತಿರಲಿಲ್ಲ! ಈಗ ಹುಳುವನ್ನೂ ನಂಬುವಷ್ಟು ಶಾಣ್ಯಾಳಾದೆನಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ.

ಮೈಕಿನವರು ಸಾರಿ ಹೋದ ಮರುದಿನ, ಆರಿದ ನೀರನ್ನು ಹರವಿಗೆ ಸುರಿಯುತ್ತಿರುವಾಗ ಪಕ್ಕದ ಮನೆಯ ಖೈರುನ್‌ಬಿ ಬಂದು ಒಳಗೆ ಇಣುಕಿದಳು.

“ಅಕ್ಕಾ, ತಳದಾಗ ನೀರು ಐತಲ್ಲ, ಅದು ಯಾವಾಗಿಂದು?”

“ಮೊದಲಿಂದು. ಹರವಿ ಖಾಲಿ ಮಾಡಬಾರದಲ್ಲ...”

“ಅದನ್ನ ಕುದಿಸಿದ್ದೇನು?”

ನಾನು ಸುರಿಯುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟೆ.

“ಅಲ್ಲಬೇ, ಗ್ಯಾಸ್ ಸುಟ್ಟು ಹುಳಾ ಕೊಲ್ಲಾಕಿನೂ ನೀನ, ಬೀಜಕ್ಕಂತ ತಳದಾಗ ನಾಕು ಉಳಿಸಿ ಇಟ್ಟಾಕಿನೂ ನೀನ!”

ನಗಬೇಕಾದ ಮಾತು. ಆದರೆ ಬೆಳಿಗ್ಗೆ ಪುಟ್ಟಿಗೆ ಕುಡಿಸಿದ್ದು ಅದೇ ಹರವಿಯ ನೀರು. ಪರವೂರವರು ಬಂದರೆ ನಾಚಿ ಅಡುಗೆಮನೆ ಸೇರುವ ನಾನು, ಅವತ್ತು ಸೊಸೆ ಸುಮಂಗಲಾಳ ಎದುರು ನಿಂತು ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಡಾಕ್ಟರಿಗೆ ಫೋನು ಮಾಡಿದಳು. ಮಗುವಿನ ಮೇಲೆ ಕಣ್ಣಿಡಿ, ವಾಂತಿಯಾಗಲಿ ಭೇದಿಯಾಗಲಿ ಶುರುವಾದರೆ ತಡಮಾಡದೆ ಕರೆತನ್ನಿ ಎಂದರು. ಅಷ್ಟರಲ್ಲಿ ಖೈರುನ್‌ಬಿ ಹರವಿಯನ್ನು ಬರಿದು ಮಾಡಿ, ತಿಕ್ಕಿ, ಕುದಿನೀರಿನಲ್ಲಿ ಗಲಬರಿಸಿ, ಅಂಗಳದ ಬಿಸಿಲಿಗೆ ಬೋರಲು ಹಾಕಿದಳು. ನಾನು ಅತ್ತ ನೋಡಲಿಲ್ಲ.

ಆಮೇಲೆ ಪುಟ್ಟಿ ಹೋದಲ್ಲೆಲ್ಲ ನಾನು. ಅವಳು ಆಕಳಿಸಿದರೂ ಹೊಟ್ಟೆ ಮುಟ್ಟಿ ನೋಡುತ್ತಿದ್ದೆ. ಗಿಣಿಗೇರಾದ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದ ಮಗ, “ಯವ್ವಾ, ಆಕಿನ್ನ ಉಸಿರಾಡಾಕರ ಬಿಡು” ಎಂದ.

ಹೀಗೆ ಎಷ್ಟು ಕಾದರೂ ವಾಂತಿ-ಭೇದಿ ಮತ್ತೆ ಕಾಣಿಸಲಿಲ್ಲ. ಒಂದು ಸಂಜೆ ಓಣಿಯ ತುದಿಯಲ್ಲಿ ಮಿರ್ಚಿ ಭಜಿ ಕರಿಯುವ ವಾಸನೆ ಬಂತು. ಗಂಜಿಗೂ ಮುಖ ತಿರುಗಿಸುತ್ತಿದ್ದ ಪುಟ್ಟಿ ಎದ್ದು ಕುಳಿತು, “ಅಜ್ಜೀ, ನನಗ ಮಿರ್ಚಿ ಬೇಕು” ಎಂದಳು. ಅಂಥ ಸವಿಮಾತನ್ನು ಈಚೆಗೆ ನಾನು ಕೇಳಿರಲಿಲ್ಲ. ಮಿರ್ಚಿ ಕೊಡಲಿಲ್ಲ ಅನ್ನಿ, ಮೆತ್ತಗಿನ ಅನ್ನ-ಮೊಸರು ಕೊಟ್ಟೆವು. ಓಣಿಗೆಲ್ಲ ಕೇಳುವಂತೆ ಅತ್ತಳು. ಆ ಅಳುವಿನ ಕಸುವು ಕೇಳಿ ಸುಮಂಗಲಾಳೂ ನಾನೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕುಬಿಟ್ಟೆವು.

ಹಿರಿಯರು ಹೇಳಿದ್ದನ್ನೆಲ್ಲ ಚೆಲ್ಲಿಬಿಡಿ ಎನ್ನುವವಳಲ್ಲ ನಾನು. ಆದರೆ ನಾನು ಹೇಳಿ ಹೋಗುವ ಮಾತುಗಳನ್ನೂ ಆಗಾಗ ಇಣುಕಿ ನೋಡಿ, ಇದು ಯಾವಾಗಿನದು ಎಂದು ಕೇಳಿ. ಅಜ್ಜಿಗೆ ಬೇಸರವಾದೀತೆಂದು ನಾಚಿಕೊಳ್ಳಬೇಡಿ. ಖೈರುನ್‌ಬಿ ನನ್ನ ಹಾಗೆ ನಾಚುವವಳಾಗಿದ್ದರೆ, ಪುಟ್ಟಿ ಅಷ್ಟು ಗಟ್ಟಿಯಾಗಿ ಅಳುತ್ತಿದ್ದಳೋ ಇಲ್ಲವೋ!