ಸಾಕಮ್ಮ ಕೇಳಿದ ಜಾಗ

ಪುರಸಭೆಯ ಸಭೆಗೆ ಸಾಕಮ್ಮ ಮಚ್ಚು ತರುತ್ತಿದ್ದಳು. ಎಳನೀರು ಕೆತ್ತುವ ಮಚ್ಚು. ಹೆದ್ದಾರಿ ಪಕ್ಕದ ತನ್ನ ಅಂಗಡಿಯಿಂದ ನೇರವಾಗಿ ಸಭೆಗೆ ಬರುವವಳು, ಅಲ್ಲೇ ಬಿಟ್ಟರೆ ಯಾರಾದರೂ ಎತ್ತಿಕೊಂಡು ಹೋದಾರೆಂದು ಹಳೇ ಟವೆಲ್ಲಿನಲ್ಲಿ ಸುತ್ತಿ ತಂದು ಕುರ್ಚಿಯ ಕೆಳಗೆ ಇಡುವಳು. ಮೊದಲ ದಿನ ಟವೆಲ್ಲು ಸರಿದು ಅದರ ಹಿಡಿ ಕಂಡಾಗ ಮುಖ್ಯಾಧಿಕಾರಿಗಳು ಮಾತು ನಿಲ್ಲಿಸಿ, "ಏನಮ್ಮ ಅದು?" ಎಂದರು.

"ಮಚ್ಚು ಸಾ. ಎದ್ರಕಬ್ಯಾಡಿ, ಕಾಯಿಗೆ ಮಾತ್ರ."

ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರರ ಸುತ್ತಿನ ಒಂದು ಊರು ನಮ್ಮದು. ಹೆಸರು ಬರೆಯುವುದಿಲ್ಲ. ಸಾಕಮ್ಮ ಎಂಬುದೂ ಅವಳ ನಿಜವಾದ ಹೆಸರಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದವನು ವಾರ್ಡಿನವರ ಒತ್ತಾಯಕ್ಕೆ ಚುನಾವಣೆಗೆ ನಿಂತು ಸದಸ್ಯನಾದೆ. ಎರಡನೆಯ ಸಲ ಗೆದ್ದಾಗ ಆರೋಗ್ಯದ ಸ್ಥಾಯಿ ಸಮಿತಿಗೆ ಅಧ್ಯಕ್ಷನೂ ಆದೆ. ಸಾಕಮ್ಮ ನನ್ನ ಪಕ್ಕದ ವಾರ್ಡಿನವಳು. ಮಹಿಳಾ ಮೀಸಲಿನಲ್ಲಿ ಗೆದ್ದು ಬಂದ ವಿಧವೆ. ಸಭೆಯಲ್ಲಿ ನನ್ನ ಪಕ್ಕದ ಕುರ್ಚಿಯೇ ಅವಳದು. ಪಿಸುಮಾತು ಅವಳಿಗೆ ಬರುತ್ತಿರಲಿಲ್ಲ. ನನ್ನ ಕಿವಿಯಲ್ಲಿ ಹೇಳಿದ್ದು ಗೋಡೆಯ ಆಚೆಗಿದ್ದ ಜವಾನನಿಗೂ ಕೇಳುತ್ತಿತ್ತು.

ನನ್ನನ್ನು ಅಣ್ಣಯ್ಯ ಎನ್ನುತ್ತಿದ್ದಳು. ಹಾಗೆನ್ನುತ್ತಲೇ ಬೈಯುತ್ತಿದ್ದಳು. "ನಿಂಗೆ ಬುದ್ದಿ ಅನ್ನೋದೇ ಇಲ್ವಲ್ಲ ಅಣ್ಣಯ್ಯ, ಚರಂಡಿ ಬ್ಯಾಡ ಅಂತ ಯಾರಾರಾ ಯೋಳ್ತಾರ?" ಎಂದು ಎಲ್ಲರೆದುರು ಕೇಳಿದವಳು, ಸಭೆ ಮುಗಿದ ಮೇಲೆ ಅಂಗಡಿಗೆ ಕರೆದು ಕಾಯಿ ಕೆತ್ತಿ ಕೊಡುತ್ತಿದ್ದಳು. ಕಾಯಿಯನ್ನು ತಟ್ಟಿಯೇ ಒಳಗೆ ಗಂಜಿ, ಅಂದರೆ ಎಳೆ ತಿರುಳು, ಎಷ್ಟಿದೆ ಎಂದು ಹೇಳುವ ಜಂಬ ಅವಳಿಗಿತ್ತು. ಅರ್ಧಕ್ಕರ್ಧ ತಪ್ಪಾಗುತ್ತಿತ್ತು. "ಗಂಜಿ ಇಲ್ಲ ಅಂದ್ಯಲ್ಲ, ನೋಡು, ತುಂಬಿದೆ" ಎಂದರೆ, "ಕಾಯಿ ಸುಳ್ಳು ಯೋಳ್ತು ಕಣಣ್ಣಯ್ಯ, ನಾನೇನ್ ಮಾಡ್ಲಿ?" ಎಂದು ಚಿಪ್ಪಿನ ಚೂರನ್ನೇ ಚಮಚ ಮಾಡಿ ಕೈಗಿಡುವಳು.

ಅಂಥ ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಮೊದಲ ಸಲ ಅವಳು ದನಿ ತಗ್ಗಿಸಿ ಮಾತಾಡಿದ್ದನ್ನು ಕೇಳಿದೆ. ಮಗಳು ರತ್ನಳನ್ನು ಹನಕೆರೆಗೆ ಕೊಟ್ಟಿದ್ದಳು. ಅಳಿಯ ಲಾರಿ ಡ್ರೈವರು. ಎರಡು ಹೆರಿಗೆಯಲ್ಲೂ ಕೂಸು ಸತ್ತೇ ಹುಟ್ಟಿತ್ತು. ಮಂಡ್ಯದ ಆಸ್ಪತ್ರೆಯಲ್ಲಿ ರಕ್ತ ನೋಡಿದ ಡಾಕ್ಟರು, ಇದು ಗಂಡನಿಂದ ಬಂದ ಕಾಯಿಲೆ, ಇಂಜೆಕ್ಷನ್ನಿನಲ್ಲಿ ವಾಸಿಯಾಗುತ್ತದೆ, ಆದರೆ ಗಂಡನೂ ತೆಗೆದುಕೊಳ್ಳದಿದ್ದರೆ ಇವಳಿಗೆ ಮತ್ತೆ ಬರುತ್ತದೆ ಎಂದಿದ್ದರಂತೆ. ರತ್ನ ತೆಗೆದುಕೊಂಡಳು. ಅಳಿಯ ಹೋಗಲಿಲ್ಲ.

"ಆಸ್ಪತ್ರೆ ಚೀಟಿ ಕಿಟಕೀಲಿ ಅವರೂರೋನೇ ಕೂತವ್ನಂತೆ. ಸತ್ರೂ ಓಗಲ್ಲ ಅಂತಾನೆ. ಕೆಟ್ಟೋನಲ್ಲ ಅಣ್ಣಯ್ಯ, ನಾಚ್ಕೆ ಅವ್ನಿಗೆ. ದಿನಾ ಕತ್ಲಾಗೋ ಹೊತ್ಗೆ ಇಲ್ಲೇ ಲಾರಿ ನಿಲ್ಲಿಸಿ ಟೀ ಕುಡೀತಾನೆ. ಎದುರ್ಗೇ ಒಂದ್ ಬಾಗ್ಲು ತೆಗ್ದಿದ್ರೆ ನಾನೇ ಕಿವಿ ಇಡ್ಕಂಡು ಒಳಕ್ಕೆ ತಳ್ತೀನಿ."

ಅವಳು ಕೈ ತೋರಿಸಿದ್ದು ರಸ್ತೆಯಾಚೆಗಿನ ಹಳೆಯ ಸುಂಕದ ಕೋಣೆಯ ಕಡೆ. ಸುಂಕ ನಿಂತ ಮೇಲೆ ಬೀಗ ಬಿದ್ದಿದ್ದ ಪುರಸಭೆಯ ಕಟ್ಟಡ ಅದು. ಅವಳು ಸುಮ್ಮನೆ ಆಸೆಪಟ್ಟದ್ದಲ್ಲ. ಆಗ ನಮ್ಮ ಊರಿಗೆ ಅಂಥ ಕಾಯಿಲೆಗಳಿಗೆಂದೇ ಒಂದು ಕ್ಲಿನಿಕ್ ಬರುವ ಮಾತು ನಡೆದಿತ್ತು. ಡಾಕ್ಟರು, ಔಷಧಿ ಜಿಲ್ಲೆಯಿಂದ ಬರುತ್ತವೆ. ಜಾಗ ಕೊಟ್ಟು, ನಡೆಸುವ ಸಂಸ್ಥೆಯನ್ನು ಆರಿಸಿ, ಅದರ ಖರ್ಚು ನೋಡಿಕೊಳ್ಳಬೇಕಾದದ್ದು ಪುರಸಭೆ. ವಿಷಯ ನನ್ನ ಸಮಿತಿಗೇ ಬಂದಿತ್ತು. ಮುಂದೆ ಬಂದ ಸಂಸ್ಥೆಗಳು ಎರಡು. ಒಂದು, ಲಾರಿಯವರ ನಡುವೆ, ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವ ಹೆಂಗಸರ ನಡುವೆ ಕೆಲಸ ಮಾಡಿ ಗೊತ್ತಿದ್ದ ಹುಡುಗ ಹುಡುಗಿಯರದು. ಇನ್ನೊಂದು, ಕಣ್ಣಿನ ಕ್ಯಾಂಪು ನಡೆಸುತ್ತಿದ್ದ ಟ್ರಸ್ಟು. ಅದರ ಯಜಮಾನರು ನನ್ನ ಬೀಗರು.

"ಸುಂಕದ ಕೋಣೆ, ಸಾಯಂಕಾಲದ ಹೊತ್ತು. ಇವೆರಡು ಮಾಡ್ಸಿಕೊಡು ಅಣ್ಣಯ್ಯ. ಇನ್ನೇನೂ ಕೇಳಲ್ಲ" ಎಂದಳು. ಆಯಿತು ಎಂದೆ.

ಆ ವಾರ ಬೀಗರು ಬಾಳೆಹಣ್ಣು ಹಿಡಿದು ಮನೆಗೆ ಬಂದರು. ಏನನ್ನೂ ಕೇಳಲಿಲ್ಲ. ನಮ್ಮ ಸೊಸೆಯನ್ನು ಮಾತಾಡಿಸಿ, ಕಾಫಿ ಕುಡಿದು, "ಸಮಿತಿ ಯಾವತ್ತು?" ಎಂದು ಮಾತ್ರ ಕೇಳಿ ಹೋದರು. ಅವರ ಹಿಂದೆಯೇ ವಾರ್ಡಿನ ಹಿರಿಯರು ಬಂದರು. ಅವರಲ್ಲೊಬ್ಬರು, "ಎದ್ದಾರೀಲಿ ಅಂಥ ಬೋರ್ಡು ಆಕುದ್ರೆ ನಮ್ಮೂರ್ಗೆ ಎಣ್ಣು ಕೊಡಕ್ಕೆ ಬತ್ತಾರ? ನೀನೇ ಯೋಳಪ್ಪ" ಎಂದರು. ಎಲ್ಲರಿಗೂ ಒಪ್ಪುವಂತೆ ಮಾಡಿದೆ. ಕೆಲಸ ಬೀಗರ ಟ್ರಸ್ಟಿಗೆ. ಜಾಗ ಪುರಸಭೆ ಕಚೇರಿಯ ಮಹಡಿ, ಕಂದಾಯ ಕಟ್ಟುವ ಕೌಂಟರಿನ ಪಕ್ಕ. ಹೊತ್ತು ಕಚೇರಿಯ ಹೊತ್ತೇ. ಬೋರ್ಡಿನಲ್ಲಿ 'ಸಾರ್ವಜನಿಕ ಆರೋಗ್ಯ ತಪಾಸಣಾ ಕೇಂದ್ರ'. ಮರ್ಯಾದೆಯಾಗಿ ಮುಗಿಸಿದೆ ಎಂದೇ ಅಂದುಕೊಂಡಿದ್ದೆ.

ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಹೆಂಗಸರ ಮುಂದೆ ಆಡಲು ಮುಜುಗರವಾಗುವ ವಿಷಯ ಬಂದರೆ ಗುಮಾಸ್ತ ಅದನ್ನು ಓದುತ್ತಿರಲಿಲ್ಲ. 'ಓದಿದಂತೆ ಭಾವಿಸಲಾಗಿದೆ' ಎನ್ನುವನು. ನಾವು ಮೇಜು ತಟ್ಟುವೆವು. ಒಪ್ಪಿಗೆಯಾಗುವುದು. ಸಾರ್ವಜನಿಕ ಶೌಚಾಲಯದಿಂದ ನಾಯಿಗಳ ಸಂತಾನಹರಣದವರೆಗೆ ಎಷ್ಟೋ ವಿಷಯ ಹಾಗೆ ದಾಟಿ ಹೋಗಿದ್ದವು. ಆ ದಿನವೂ ಗುಮಾಸ್ತ ಹಾಗೆಯೇ ಅಂದ. ಸಾಕಮ್ಮ ಎದ್ದು ನಿಂತಳು.

"ಯಾವ ಕಾಯ್ಲೆಗೆ ಈ ಆಸ್ಪತ್ರೆ? ಅದ್ನ ವಸಿ ಓದಪ್ಪ."

ಗುಮಾಸ್ತ ತಲೆ ತಗ್ಗಿಸಿದ. ಹಿಂದಿನ ಸಾಲಿನ ಸದಸ್ಯನೊಬ್ಬ, "ಎಂಗಸ್ರು ಅವ್ರೆ ಕಣಮ್ಮ, ಬುಡು ಅತ್ಲಾಗೆ" ಎಂದ.

"ನಾನೂ ಎಂಗ್ಸೇ ಕಣಪ್ಪ. ಕಾಣ್ದೇನೋ ನಿಂಗೆ" ಎಂದಳು ಅವಳು. "ಗಂಡ್ಸು ತಂದು ಎಂಡ್ತಿಗೆ ಕೊಟ್ಟು, ಒಟ್ಟೇಲಿರೋ ಕೂಸು ಸಾಯೋ ಕಾಯ್ಲೆ ಅದು. ಕಂದಾಯದ ಕಿಟಕಿ ಪಕ್ಕ ಮಡಗುದ್ರೆ ಯಾವ್ ಗಂಡ್ಸು ಮೆಟ್ಲು ಅತ್ತಾನೆ? ಸುಂಕದ ಕೋಣೇಲಿ ಮಾಡಿ. ಕತ್ಲಲ್ಲಿ ಬಂದು ಓಯ್ತರೆ."

"ಇಷ್ಟೆಲ್ಲ ನಿಂಗೆಂಗಮ್ಮ ಗೊತ್ತು?" ಎಂದ ಅದೇ ಸದಸ್ಯ. "ಲಾರಿಯೋರು ನಿನ್ ಅಂಗ್ಡಿಗೆ ಬರೀ ಎಳ್ನೀರಿಗೆ ಬರಲ್ಲ ಅನ್ನು."

ಸಭೆಯೆಲ್ಲ ನಕ್ಕಿತು. ಸಾಕಮ್ಮನ ಬಾಯಿಗೆ ಎದುರಾಡಿ ಗೆದ್ದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವಳಿಗೆ ಹೇಗೆ ಗೊತ್ತೆಂಬುದಕ್ಕೆ ಉತ್ತರ ಒಂದೇ ಇತ್ತು, ಮಗಳ ಮಾನ ಕಳೆಯದೆ ಅದನ್ನು ಹೇಳುವಂತಿರಲಿಲ್ಲ. ಅವಳು ಮೆಲ್ಲಗೆ ನನ್ನ ಕಡೆ ತಿರುಗಿದಳು. ನಾನು ರತ್ನಳ ಹೆಸರೆತ್ತುವ ಅಗತ್ಯವೇ ಇರಲಿಲ್ಲ. ಸಮಿತಿಯ ಅಧ್ಯಕ್ಷ ನಾನು. 'ಸಾಕಮ್ಮ ಹೇಳುವುದು ಸರಿ, ಜಾಗ ಬದಲಾಯಿಸೋಣ' ಎಂದಿದ್ದರೆ ಸಾಕಿತ್ತು. ಮುಂದಿದ್ದ ಲೋಟ ಎತ್ತಿ ನೀರು ಕುಡಿದೆ. ಗುಮಾಸ್ತ ಮತ್ತೊಮ್ಮೆ ಓದಿದಂತೆ ಭಾವಿಸಿದ. ಕೈಗಳು ಮೇಜು ತಟ್ಟಿದವು. ನನ್ನ ಕೈಯೂ ತಟ್ಟಿತು. ಅವಳು ಬಗ್ಗಿ ಮಚ್ಚು ಎತ್ತಿಕೊಂಡು ಹೊರಟುಹೋದಳು.

ಕೇಂದ್ರ ಶುರುವಾಯಿತು. ಬೋರ್ಡು ನೋಡಿ ಜನ ಬಂದರು. ಬಿಪಿ ನೋಡಿ, ಶುಗರ್ ನೋಡಿ ಎಂದರು. ಟ್ರಸ್ಟಿನವರ ಗುರುತಿದ್ದವರು ಕನ್ನಡಕ ಕೇಳಿಕೊಂಡು ಬಂದರು. ಯಾರಿಗಾಗಿ ತೆರೆದದ್ದೋ ಅವರು ಬರಲಿಲ್ಲ.

ಒಬ್ಬ ಬಂದಿದ್ದ. ಒಂದು ಬೆಳಿಗ್ಗೆ ನಾನು ಕಚೇರಿಯ ಮೆಟ್ಟಿಲು ಇಳಿಯುತ್ತಿದ್ದಾಗ ಕೆಳಗೆ ಸಾಕಮ್ಮ ನಿಂತಿದ್ದಳು. ಅವಳ ಹಿಂದೆ ಅಳಿಯ. ಹೇಗೆ ಒಪ್ಪಿಸಿದ್ದಳೋ. ಮೇಲೆ ಕೌಂಟರಿನ ಮುಂದೆ ಸಾಲು ನಿಂತಿತ್ತು, ಒಂದಿಬ್ಬರು ತಿರುಗಿ ನೋಡಿದರು. ಹುಡುಗನ ಮುಖ ಸಪ್ಪಗಾಯಿತು. ಅವನ ಮರ್ಯಾದೆ ಉಳಿಸೋಣವೆಂದು ನಾನೇ ಎಲ್ಲರಿಗೂ ಕೇಳುವಂತೆ, "ಏನಪ್ಪ, ಕಂದಾಯ ಕಟ್ಟಕ್ಕೆ ಬಂದ್ಯಾ?" ಎಂದೆ. ಹನಕೆರೆಯವನಿಗೆ ನಮ್ಮೂರಲ್ಲಿ ಎಂಥ ಕಂದಾಯ? ಅದು ನನಗೂ ಗೊತ್ತು. ಅವನು ಆ ಮಾತನ್ನೇ ಹಿಡಿದುಕೊಂಡ.

"ಊ ಸಾ. ಕಂದಾಯ. ನಾಳಿಕ್ ಬತ್ತೀನಿ."

ಹಾಗೆಂದು ತಿರುಗಿ ನಡೆದ. ಸಾಕಮ್ಮ ಅವನನ್ನು ಕೂಗಲಿಲ್ಲ. ನನ್ನನ್ನೂ ಬೈಯಲಿಲ್ಲ. ಬೈದಿದ್ದರೆ ನಾನೇ ಓಡಿಹೋಗಿ ಅವನ ಕೈ ಹಿಡಿದು ಕರೆತರುತ್ತಿದ್ದೆನೇನೋ. ಈಗ ಹೀಗೆಂದುಕೊಳ್ಳುವುದು ಸುಲಭ.

ಮುಂದಿನ ವರ್ಷ ರತ್ನ ಮತ್ತೆ ಬಸುರಿಯಾದಳು. ಆ ಕೂಸೂ ಉಳಿಯಲಿಲ್ಲ. ಸುದ್ದಿ ತಿಳಿದಾಗ ನಾನು ಗೊಬ್ಬರದ ಮೂಟೆ ಇಳಿಸಿಕೊಳ್ಳುತ್ತಿದ್ದೆ. ಹೇಳಿದವರಿಗೆ, "ಪಾಪ" ಎಂದೆ. ಉಳಿದ ಮೂಟೆ ಎಣಿಸಿಕೊಂಡೆ. ಅದೇ ವರ್ಷ ಕೇಂದ್ರವೂ ಮುಚ್ಚಿತು. ಬರುವವರಿಲ್ಲ ಎಂದು ಸಭೆ ಒಪ್ಪಿತು. ಸಾಕಮ್ಮ ಅವತ್ತು ಬಂದಿರಲಿಲ್ಲ. ಮುಂದಿನ ಚುನಾವಣೆಗೂ ನಿಲ್ಲಲಿಲ್ಲ. ನಾನು ನಿಂತು ಸೋತೆ.

ಸೋತ ಮೇಲೆ ಹೊಸ ಮುಖ್ಯಾಧಿಕಾರಿಗಳ ಹತ್ತಿರ ಹೋದೆ. ಸುಂಕದ ಕೋಣೆಯಲ್ಲಿ, ಸಾಯಂಕಾಲದ ಹೊತ್ತಿನಲ್ಲಿ ಅಂಥ ಕ್ಲಿನಿಕ್ ಮಾಡಿ ಎಂದು ಕೇಳಿದೆ. ಒಳ್ಳೆಯ ಮನುಷ್ಯ, ಕಾಫಿ ತರಿಸಿದರು. "ಹಿಂದೆ ನಡೆಸಿ ನೋಡಿದ್ದಾಗಿದೆಯಲ್ಲ ಸಾರ್, ಜನವೇ ಬರಲಿಲ್ಲವಂತೆ. ಮತ್ತೆ ಹೇಗೆ ಕೇಳಲಿ?" ಎಂದರು. ಜನ ಏಕೆ ಬರಲಿಲ್ಲ ಎಂದು ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಆಗ ಸಮಿತಿಗೆ ಅಧ್ಯಕ್ಷರು ಯಾರಿದ್ದರು?" ಎಂದರು. ನಾನೇ ಎಂದೆ.

ಬೈಪಾಸ್ ಆದ ಮೇಲೆ ಲಾರಿಗಳು ಊರೊಳಗೆ ಬರುವುದು ನಿಂತಿತು. ಸುಂಕದ ಕೋಣೆಯ ಬೀಗ ಹಾಗೇ ಇದೆ. ಅದರೆದುರು ಈಗ ಎಳನೀರಿನ ಅಂಗಡಿಯೂ ಇಲ್ಲ. ಅದು ಇನ್ನೂ ಇದ್ದಾಗ, ಕೊನೆಯದಾಗಿ, ಬಿಸಿಲಿನಲ್ಲಿ ನಡೆದು ಹೋಗಿದ್ದೆ. ನಾಲ್ಕಾರು ಕಾಯಿ ಮುಂದಿಟ್ಟುಕೊಂಡು ಕೂತಿದ್ದಳು. ರತ್ನ ಹೇಗಿದ್ದಾಳೆ ಎಂದೆ.

"ಕಿರುಗಾವಲಲ್ಲಿ ಅವ್ಳೆ, ನಮ್ಮಕ್ಕನ ಮನೇಲಿ. ಗಂಡನ್ನ ಬುಟ್ಟವ್ಳೆ. ನಾನೂ ಅಲ್ಗೇ ಓಯ್ತೀನಿ."

"ಸಾಕಮ್ಮ, ಅವತ್ತು ಸಭೆಯಲ್ಲಿ ನಾನು..."

"ಬುಡಿ ಸಾ" ಎಂದಳು.

ಅಣ್ಣಯ್ಯ ಎನ್ನಲಿಲ್ಲ. ಮುಂದಿದ್ದ ಒಂದು ಕಾಯಿ ಎತ್ತಿಕೊಂಡಳು. ತಟ್ಟಲಿಲ್ಲ. ಹಳೆಯ ಜಗಳವಾದರೂ ಹತ್ತಲಿ ಎಂದು, "ಗಂಜಿ ಇದೆಯೇನಮ್ಮ?" ಎಂದು ಕೇಳಿದೆ.

"ಗೊತ್ತಿಲ್ಲ ಸಾ. ಒಡುದ್ರೆ ಕಾಣ್ತದೆ."

ಕೆತ್ತಿ ಕೊಟ್ಟಳು. ನೀರು ಕುಡಿದು ಕಾಯಿ ಹಿಂದಕ್ಕೆ ಕೊಟ್ಟೆ. ಒಂದೇ ಏಟಿಗೆ ಸೀಳಿ ಮುಂದಿಟ್ಟಳು. ಒಳಗೆ ಗಂಜಿ ತುಂಬಿತ್ತು. ಚಿಪ್ಪಿನ ಚೂರು ಕೊಡುತ್ತಾಳೆಂದು ಕೈ ಚಾಚಿಕೊಂಡು ನಿಂತಿದ್ದೆ. ಅವಳು ಗೂಡಿನೊಳಗೆ ಕೈ ಹಾಕಿ, ಬೇರೆ ಗಿರಾಕಿಗಳಿಗೆ ಕೊಡುವಂತೆ ಒಂದು ಪ್ಲಾಸ್ಟಿಕ್ ಚಮಚ ತೆಗೆದು ಕೊಟ್ಟಳು.

"ತಕ್ಕಳಿ ಸಾ. ಬಿಸ್ಲು ಅದೆ, ನೆಳ್ಳಲ್ಲಿ ನಿಂತ್ಕಂಡು ತಿನ್ನಿ."